ಟಿವಿ ನೋಡಿ ಹೊತ್ತ ಹರಕೆ

ಕಳೆದ ಲೋಕಸಭಾ ಚುನಾವಣೆಯಲ್ಲಿ ಸೋತವರು ಯಾರು ಎಂದು ಯಾರಾದರೂ ನನ್ನನ್ನು ಕೇಳಿದರೆ ನಾನು ಪತ್ರಿಕೆ ತೆರೆದು ಅಂಕಿಸಂಖ್ಯೆ ತೋರಿಸುವುದಿಲ್ಲ. ನಮ್ಮ ಮನೆಯವರ ಬಲಗಾಲನ್ನು ತೋರಿಸುತ್ತೇನೆ. ಮತ ಹಾಕಿದವನ ಬೆರಳಿಗೆ ಗುರುತು ಬೀಳುತ್ತದೆ ಎಂದು ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಸಮಾಜ ವಿಜ್ಞಾನ ಪಾಠ ಮಾಡಿದವಳು ನಾನು. ಯಾವ ಬೆರಳು ಎಂದು ಇನ್ನಷ್ಟು ಸ್ಪಷ್ಟವಾಗಿ ಹೇಳಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಕೈಬೆರಳಿನ ಶಾಯಿ ತಿಂಗಳೊಪ್ಪತ್ತಿನಲ್ಲಿ ಅಳಿಸಿಹೋಯಿತು. ಕಾಲಿನದು ಇನ್ನೂ ಇದೆ.

ಯಾವ ಪಕ್ಷ ಎಂದು ಮಾತ್ರ ಕೇಳಬೇಡಿ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಹಾಗೇ ಆಗಬೇಕು ಎಂದು ಇಲ್ಲಿಗೇ ಮಡಚಿಡುತ್ತೀರಿ. ಇನ್ನರ್ಧ ಜನ ಬಾಳೆಹಣ್ಣು ಹಿಡಿದುಕೊಂಡು ಸಮಾಧಾನ ಹೇಳಲು ಮನೆಗೆ ಬರುತ್ತೀರಿ. ಎರಡೂ ನನಗೆ ಬೇಡ. ಅದೂ ಅಲ್ಲದೆ ಆ ಫಲಿತಾಂಶವೇ ಒಂದು ವಿಚಿತ್ರ. ಗೆದ್ದವರು ಇಷ್ಟೇನಾ ಎಂದು ಮುಖ ಸಣ್ಣದು ಮಾಡಿಕೊಂಡರು. ಸೋತವರು ಇಷ್ಟಾದರೂ ಬಂತಲ್ಲ ಎಂದು ಪೇಢೆ ಹಂಚಿದರು, ಪೇಢೆ ಮುಗಿದ ಮೇಲೆ ಇನ್ನೊಂದಿಷ್ಟು ಬಂದಿದ್ದರೆ ಎಂದು ಕೈ ಕೈ ಹಿಸುಕಿಕೊಂಡರು. ಒಂದೇ ಮದುವೆಯಿಂದ ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಸಿಟ್ಟು ಮಾಡಿಕೊಂಡು ಎದ್ದು ಬಂದ ಹಾಗಿತ್ತು ದೇಶ. ಹೀಗಾಗಿ ನಮ್ಮವರ ಪಕ್ಷ ಯಾವುದೇ ಆಗಿರಲಿ, ನಿರಾಸೆಗೇನೂ ಕೊರತೆಯಿರಲಿಲ್ಲ.

ನಮ್ಮವರ ಹೆಸರು ಬಸಲಿಂಗಪ್ಪ. ಗಣೇಶಗುಡಿಯ ಅಣೆಕಟ್ಟಿನಲ್ಲಿ ನೌಕರಿ ಮುಗಿಸಿ, ದಾಂಡೇಲಿಯ ಅಂಬೇವಾಡಿಯಲ್ಲಿ ಮನೆ ಕಟ್ಟಿಸಿ, ಬೆಳಗ್ಗೆ ವಾಕಿಂಗು ಸಂಜೆ ಕಟ್ಟೆ ಎಂದು ಸುಖವಾಗಿರುವ ಮನುಷ್ಯ. ನೀರು ಎಷ್ಟು ಏರಿತು ಎಷ್ಟು ಇಳಿಯಿತು ಎಂದು ಅಳತೆಗೋಲು ನೋಡಿ ಬರೆದಿಡುವುದರಲ್ಲೇ ಆಯುಷ್ಯ ಕಳೆದವರು. ‘ಸುಮಾರು’ ಎಂಬ ಶಬ್ದ ಕೇಳಿದರೆ ಈಗಲೂ ಹುಬ್ಬು ಗಂಟಿಕ್ಕುತ್ತಾರೆ. ಅವರ ಮೈಗೆ ಅಂಟಿಕೊಂಡ ರೋಗಗಳು ಎರಡೇ. ಒಂದು ಸಕ್ಕರೆ ಕಾಯಿಲೆ, ಇನ್ನೊಂದು ರಾಜಕೀಯ. ಮೊದಲನೆಯದಕ್ಕೆ ಗುಳಿಗೆ ಇದೆ. ಹೋದಾಗಲೆಲ್ಲ ಡಾಕ್ಟರು ಒಂದೇ ಮಾತು ಹೇಳುತ್ತಾರೆ: ಕಾಲು ಜೋಪಾನ, ಮನೆಯೊಳಗೂ ಬರಿಗಾಲಲ್ಲಿ ತಿರುಗಬೇಡಿ, ನಿಮ್ಮ ಪಾದಕ್ಕೆ ನೋವು ತಿಳಿಯುವುದಿಲ್ಲ, ಗಾಯವಾದರೆ ಮೊದಲು ಬೆರಳು ಹೋಗುತ್ತದೆ, ಆಮೇಲೆ ಕಾಲು. ನನ್ನ ಅಪ್ಪನ ಕಾಲು ಹೋದದ್ದು ಹಾಗೆಯೇ. ಕೊನೆಯ ವರ್ಷಗಳಲ್ಲಿ ಅಪ್ಪ ಊರುಗೋಲು ಹಿಡಿದು ಬಚ್ಚಲಿಗೆ ಹೋಗುವುದನ್ನು ನೋಡಿದವಳು ನಾನು. ಇದೆಲ್ಲ ಗೊತ್ತಿದ್ದ ಮನುಷ್ಯನಿಗೆ, ದೇವರಿಗಾಗಿ ಏನಾದರೊಂದು ಬಿಡಬೇಕು ಅನ್ನಿಸಿದಾಗ ಬಿಡಲು ಸಿಕ್ಕಿದ್ದು ಏನು ಹೇಳಿ? ಚಪ್ಪಲಿ.

ಆದದ್ದು ಹೀಗೆ. ಮತದಾನ ಮುಗಿದು, ಎಣಿಕೆ ಇನ್ನೇನು ಶುರುವಾಗಬೇಕು ಎನ್ನುವಾಗ ಟಿವಿಯವರು ಇವರಿಗಿಷ್ಟು ಅವರಿಗಿಷ್ಟು ಎಂದು ಭವಿಷ್ಯ ಹೇಳುತ್ತಾರಲ್ಲ, ಆ ದಿನಗಳು. ನಮ್ಮ ಓಣಿಯ ಅರಳಿಕಟ್ಟೆಯ ಮೇಲೆ ಎಂದಿನಂತೆ ಪಾರ್ಲಿಮೆಂಟು ಸೇರಿತ್ತು. ಅಲ್ಲಿ ನಮ್ಮವರ ಎದುರುಪಕ್ಷ ತುಕಾರಾಮಣ್ಣ. ಹಳಿಯಾಳ ಕಡೆಯ ಮರಾಠಾ ಮನೆತನದವರು, ನಮ್ಮವರ ಜೊತೆಗೇ ನೌಕರಿಗೆ ಸೇರಿ ಜೊತೆಗೇ ನಿವೃತ್ತರಾದವರು, ಈಗ ನಮ್ಮಿಂದ ಎರಡು ಮನೆ ಆಚೆ ಇರುವವರು. ಒಬ್ಬರ ಮನೆಯಲ್ಲಿ ಹೋಳಿಗೆ ಮಾಡಿದರೆ ಇನ್ನೊಬ್ಬರ ಮನೆಯಲ್ಲಿ ಅಂದು ಒಲೆ ಹಚ್ಚುವುದಿಲ್ಲ, ಅಷ್ಟು ಸಲುಗೆ. ರಾಜಕೀಯದಲ್ಲಿ ಮಾತ್ರ ಎಣ್ಣೆ ಸೀಗೆಕಾಯಿ. ಇಬ್ಬರೂ ನೋಡುವ ಟಿವಿ ಚಾನೆಲ್ಲು ಬೇರೆ ಬೇರೆ. ನಮ್ಮವರ ಚಾನೆಲ್ಲು ನಮ್ಮವರ ಪಕ್ಷಕ್ಕೆ ಕೈತುಂಬ ಸೀಟು ಕೊಟ್ಟಿತ್ತು. ತುಕಾರಾಮಣ್ಣನದು ಅವರ ಪಕ್ಷಕ್ಕೆ. ಇಬ್ಬರ ಕಿಸೆಯಲ್ಲೂ ಗೆಲುವು ಆಗಲೇ ಬಂದು ಕೂತಿತ್ತು.

ಮಾತಿಗೆ ಮಾತು ಬೆಳೆಯಿತು. ನಮ್ಮವರು ಎದ್ದು ನಿಂತು ಚಪ್ಪಲಿ ಬಿಚ್ಚಿ ಕಟ್ಟೆಯ ಕೆಳಗೆ ಇಟ್ಟರಂತೆ. ನಮ್ಮ ಪಾರ್ಟಿ ಟಿವಿಯಲ್ಲಿ ಹೇಳಿದಷ್ಟು ಸೀಟು ಗೆದ್ದು ಬರುವವರೆಗೆ ಇದನ್ನು ಮೆಟ್ಟುವುದಿಲ್ಲ, ದ್ಯಾಮವ್ವನ ಆಣೆ ಎಂದರಂತೆ. ತುಕಾರಾಮಣ್ಣ ಸುಮ್ಮನಿದ್ದಾರೆಯೇ? ಬಾಯೊಳಗಿನ ತಂಬಾಕು ಉಗುಳಿ, ನಮ್ಮ ಪಾರ್ಟಿ ನಮ್ಮ ಟಿವಿ ಹೇಳಿದಷ್ಟು ಸೀಟು ತರುವವರೆಗೆ ಇದನ್ನು ಮುಟ್ಟುವುದಿಲ್ಲ, ವಿಠೋಬಾನ ಆಣೆ ಎಂದರು. ಕಟ್ಟೆಯ ಮೇಲಿದ್ದವರು ಚಪ್ಪಾಳೆ ತಟ್ಟಿದರು. ತಟ್ಟುವವರಿಗೇನು, ಬೆಕ್ಕಿಗೆ ಆಟ ಇಲಿಗೆ ಪ್ರಾಣಸಂಕಟ.

ಇಲ್ಲಿ ನೀವು ಒಂದು ಸೂಕ್ಷ್ಮ ಗಮನಿಸಬೇಕು. ನಮ್ಮ ಹಿರಿಯರು ಹರಕೆ ಹೊರುತ್ತಿದ್ದದ್ದು ಏನಾಗುತ್ತದೋ ಗೊತ್ತಿಲ್ಲದಾಗ. ಮಗುವಿಗೆ ಜ್ವರ ಇಳಿಯುತ್ತಿಲ್ಲ, ಹಸು ಕರು ಹಾಕುತ್ತಿಲ್ಲ, ಆಗ. ಇವರು ಹೊತ್ತದ್ದು ಟಿವಿ ನೋಡಿ, ಗೆಲುವು ಖಾತ್ರಿ ಮಾಡಿಕೊಂಡು. ನಾಲ್ಕು ದಿನ ಬರಿಗಾಲಲ್ಲಿ ತಿರುಗಿದರೆ ಸಾಕು, ಐದು ವರ್ಷದ ದಿಲ್ಲಿ ಸಿಗುತ್ತದೆ ಎಂಬ ಲೆಕ್ಕ. ಸಂತೆಯಲ್ಲಿ ಮುದುಕಿಯ ಹತ್ತಿರ ಸೊಪ್ಪು ಚೌಕಾಸಿ ಮಾಡಿದ ಹಾಗೆ ದೇವಿಯ ಹತ್ತಿರ ಮಾಡಿದರು. ಆ ತಾಯಿ ಇಂಥವರನ್ನು ಎಷ್ಟು ನೋಡಿಲ್ಲ!

ಫಲಿತಾಂಶ ಬಂತು. ಟಿವಿಯವರು ತಮ್ಮ ಅಂದಾಜು ಸ್ವಲ್ಪ ಹೆಚ್ಚುಕಡಿಮೆಯಾಯಿತು ಎಂದು ಟೈ ಸರಿಮಾಡಿಕೊಂಡು ಮಳೆಯ ಸುದ್ದಿಗೆ ಹೋದರು. ಅವರದೇನೂ ಹೋಗಲಿಲ್ಲ, ಅವರ ಕಾಲಲ್ಲಿ ಬೂಟು ಇತ್ತು. ನಮ್ಮವರು ಸೋಫಾದ ಮೇಲೆ ಬರಿಗಾಲು ಮಡಚಿಕೊಂಡು ಗೋಡೆ ನೋಡುತ್ತ ಕೂತರು. ಎರಡು ಮನೆ ಆಚೆ ತುಕಾರಾಮಣ್ಣ ಖಾಲಿ ಬಾಯಿ ಆಡಿಸುತ್ತ ಕೂತಿದ್ದಾರೆ ಎಂದು ಸುದ್ದಿ ಬಂತು. ಅಂದಿನಿಂದ ಇಬ್ಬರೂ ಒಬ್ಬರ ಮನೆಗೆ ಒಬ್ಬರು ಹೋಗುವುದು ಬಿಟ್ಟರು. ಕಟ್ಟೆಯ ಮೇಲೆ ಕೂತರೂ ಆ ತುದಿಗೊಬ್ಬರು ಈ ತುದಿಗೊಬ್ಬರು.

ಇನ್ನು ಓಣಿಯಲ್ಲಿ ಚರ್ಚೆ ನಡೆಯುತ್ತದೆ ಎಂದು ಕಾದೆ. ಯಾಕೆ ಹೀಗಾಯಿತು, ದರ ಏರಿತ್ತೇ, ಕೆಲಸ ಸಿಗಲಿಲ್ಲವೇ, ನಿಂತವರು ಸರಿಯಿರಲಿಲ್ಲವೇ, ಏನಾದರೂ ಮಾತಾಡುತ್ತಾರೆ ಎಂದುಕೊಂಡೆ. ಪೌರನೀತಿ ಕಲಿಸಿದವಳ ದುರಾಸೆ ಅದು. ನಮ್ಮ ಗುಡಿಯ ಅರ್ಚಕರು ನಾಮಪತ್ರ ಹಾಕಿದ ವೇಳೆ ರಾಹುಕಾಲ ಎಂದರು. ಎರಡೂ ಕಡೆಯವರೂ ರಾಹುಕಾಲದಲ್ಲೇ ಹಾಕಿದರೇನು ಎಂದು ಕೇಳಿದ್ದಕ್ಕೆ ನನ್ನ ಅಂಗೈಗೆ ಆ ದಿನ ತೀರ್ಥ ಸ್ವಲ್ಪ ಕಡಿಮೆ ಬಿತ್ತು. ಮೊಟ್ಟೆ ಅಂಗಡಿಯ ಚಾಚಾ ಮೇಲಿನವನ ತೀರ್ಮಾನ ಎಂದು ಆಕಾಶ ತೋರಿಸಿದರು. ನನ್ನ ಜೊತೆ ಪಾಠ ಮಾಡುತ್ತಿದ್ದ ಮೇರಿ ಟೀಚರು ತಾವು ಚರ್ಚಿನಲ್ಲಿ ಇಬ್ಬರ ಪರವಾಗಿಯೂ ಮೇಣದಬತ್ತಿ ಹಚ್ಚಿದ್ದಾಗಿಯೂ, ಅದಕ್ಕೇ ಹೀಗೆ ಅರೆಬರೆ ಆಗಿರಬಹುದೆಂದೂ ತಪ್ಪೊಪ್ಪಿಕೊಂಡರು. ಜೋಯಿಡಾ ಕಡೆಯಿಂದ ಗೆಡ್ಡೆಗೆಣಸು ತರುವ ಹೆಂಗಸು ಮಾತ್ರ, ತಮ್ಮ ದೇವರ ಸೀಮೆ ಊರ ಹಳ್ಳದ ತನಕ, ದಿಲ್ಲಿ ಅವನ ಕೈಯಲ್ಲಿಲ್ಲ ಎಂದಳು. ಮುಂಡಗೋಡದಲ್ಲಿ ಅಂಗಡಿ ಇಟ್ಟಿರುವ ನನ್ನ ತಂಗಿ ಫೋನು ಮಾಡಿ, ಟಿಬೆಟಿನ ಮುದುಕ ಸನ್ಯಾಸಿಯೊಬ್ಬರನ್ನು ಕೇಳಿದೆ ಎಂದಳು. ಅವರು ನಕ್ಕು, ಎಲ್ಲ ಬರುತ್ತದೆ ಎಲ್ಲ ಹೋಗುತ್ತದೆ ಎಂದು ಬಟ್ಟೆ ಸೋಪು ಕೊಂಡು ಹೋದರಂತೆ. ಬೆಂಡೆಕಾಯಿಗೆ ಹುಳ ಬಿದ್ದರೆ ಔಷಧ ಹುಡುಕುವ ಜನ ನಾವು, ಪಕ್ಷಕ್ಕೆ ಸೋಲು ಬಂದರೆ ಗ್ರಹ ಹುಡುಕುತ್ತೇವೆ. ದೇವರನ್ನು ಇಷ್ಟೊಂದು ಪಕ್ಷಗಳಿಗೆ ಒಟ್ಟಿಗೇ ಸದಸ್ಯನನ್ನಾಗಿ ಮಾಡಿದ ಜನ ಇನ್ನೆಲ್ಲಿದ್ದಾರೋ ಕಾಣೆ.

ನನಗೆ ಇದರಲ್ಲಿ ಯಾವುದೂ ಬೇಕಾಗಿರಲಿಲ್ಲ. ನನಗೆ ಬೇಕಾಗಿದ್ದದ್ದು ನನ್ನ ಗಂಡನ ಕಾಲು ಅವರ ಮೈಗೆ ಅಂಟಿಕೊಂಡೇ ಇರುವುದು, ಅಷ್ಟೆ.

ನಮ್ಮ ನಾಡಿಗೆ ಇದು ಹೊಸದೂ ಅಲ್ಲ. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಹಳೆಯ ಗುಡಿಗಳ ಹಿಂದೆ ವೀರಗಲ್ಲು ತೋರಿಸುತ್ತಿದ್ದೆ. ಅವುಗಳಲ್ಲಿ ಒಂದು ಜಾತಿಯ ಕಲ್ಲುಗಳಿವೆ. ಒಡೆಯ ಗೆದ್ದು ಬಂದರೆ, ಅರಸಿಗೆ ಗಂಡು ಹುಟ್ಟಿದರೆ ನನ್ನ ತಲೆ ಕೊಡುತ್ತೇನೆ ಎಂದು ದೇವರ ಮುಂದೆ ಮಾತು ಕೊಟ್ಟು, ಬಾಗಿಸಿದ ಬಿದಿರಿನ ಗಳಕ್ಕೆ ಜುಟ್ಟು ಕಟ್ಟಿಸಿಕೊಂಡು, ಕತ್ತರಿಸಿದ ಕೂಡಲೇ ತಲೆ ಮೇಲಕ್ಕೆ ಹಾರುವಂತೆ ಮಾಡಿಕೊಂಡ ಭಂಟರವು. ಕೆಲಸವಾದದ್ದು ಅರಸನದು, ತಲೆ ಹೋದದ್ದು ಇವನದು. ಮಕ್ಕಳು ಆ ಬಿದಿರು ನೋಡಿ ಬೆರಗಾಗುತ್ತಿದ್ದರು, ನಾನು ಆ ಕಾಲ ಹೋಯಿತು ಮಕ್ಕಳೇ ಎನ್ನುತ್ತಿದ್ದೆ. ಕಾಲ ಎಲ್ಲಿ ಹೋಗಿದೆ? ತಲೆಯಿಂದ ಕಾಲಿಗೆ ಇಳಿದಿದೆ. ವ್ಯತ್ಯಾಸ ಇಷ್ಟೇ, ಆಗಿನ ಅರಸನಿಗೆ ಕನಿಷ್ಠ ಆ ಭಂಟನ ಹೆಸರು ಗೊತ್ತಿತ್ತು, ಒಂದು ಕಲ್ಲಾದರೂ ನಿಲ್ಲಿಸುತ್ತಿದ್ದ. ದಿಲ್ಲಿಯಲ್ಲಿ ಕೂತ ಯಾವ ಮಹಾನುಭಾವನಿಗೆ ಗೊತ್ತು, ಅಂಬೇವಾಡಿಯಲ್ಲಿ ಬಸಲಿಂಗಪ್ಪ ಎಂಬುವರು ತಮಗಾಗಿ ಕಾದ ಡಾಂಬರಿನ ಮೇಲೆ ಹಾಲು ತರಲು ಹೋಗುತ್ತಿದ್ದಾರೆಂದು?

ಅತ್ತ ತುಕಾರಾಮಣ್ಣನ ಮನೆಯ ಕಥೆ ಬೇರೆಯೇ. ಅವರ ಹೆಂಡತಿ ಸುಮನ್ ವೈನಿ ಫಲಿತಾಂಶದ ಮರುದಿನ ನಮ್ಮ ಮನೆಗೆ ಸಜ್ಜಿಗೆ ಶಿರಾ ತಂದುಕೊಟ್ಟಳು. ನಿಮ್ಮ ಪಕ್ಷಕ್ಕೂ ಹೇಳಿದಷ್ಟು ಸೀಟು ಬರಲಿಲ್ಲ, ಶಿರಾ ಯಾಕೆ ಎಂದೆ. ಪಕ್ಷದ ಮನೆ ಹಾಳಾಗಲಿ, ತಂಬಾಕು ಬಿಟ್ಟರಲ್ಲ ಎಂದಳು. ಅವಳ ಗಂಡನ ಕೆನ್ನೆಯ ಒಳಗೆ ಬಿಳಿ ಕಲೆ ಆಗಿ, ಧಾರವಾಡದ ಡಾಕ್ಟರು ಇದು ಹೀಗೇ ಮುಂದುವರಿದರೆ ಒಳ್ಳೆಯದಲ್ಲ ಎಂದಿದ್ದರು. ಹೆಂಡತಿ ಅತ್ತದ್ದಾಯಿತು, ಮಕ್ಕಳು ಬೈದದ್ದಾಯಿತು, ಬಿಡದ ತಂಬಾಕನ್ನು ಪಕ್ಷ ಬಿಡಿಸಿತ್ತು. ಮುಂದಿನ ಸಲವೂ ಇವರ ಪಕ್ಷಕ್ಕೆ ಸೀಟು ಕಡಿಮೆ ಬೀಳಲಿ ಎಂದು ದಿನಾ ತುಳಸಿಗೆ ನೀರು ಹಾಕುತ್ತೇನೆ, ಯಾರಿಗೂ ಹೇಳಬೇಡ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಒಂದೇ ಚುನಾವಣೆ, ಒಂದೇ ಕಟ್ಟೆ. ಅವಳ ಗಂಡನಿಗೆ ಬಾಯಿ ಉಳಿಯಿತು, ನನ್ನ ಗಂಡನಿಗೆ ಕಾಲು ಹೋಗುವ ಹಾಗಿದೆ. ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ. ಶಿರಾ ಮಾತ್ರ ತಿಂದೆ.

ನಾನು ಸುಮ್ಮನೆ ಕೂರಲಿಲ್ಲ. ಹರಕೆಯ ಒಂದೊಂದು ಶಬ್ದವನ್ನೂ ಸಂವಿಧಾನದ ಕಲಮಿನಂತೆ ಬಿಡಿಸಿ ನೋಡಿದೆ. ‘ಹೇಳಿದಷ್ಟು’ ಎಂದರೆ ಯಾವ ಚಾನೆಲ್ಲು ಹೇಳಿದಷ್ಟು? ಆ ಚಾನೆಲ್ಲೇ ಆಮೇಲೆ ತನ್ನ ಮಾತು ತಿದ್ದಿಕೊಂಡಿತಲ್ಲ? ಬೂಟು, ಸ್ಲಿಪ್ಪರು ‘ಚಪ್ಪಲಿ’ಯ ವ್ಯಾಪ್ತಿಗೆ ಬರುತ್ತವೆಯೇ? ಕಾಲುಚೀಲ? ದೇವಿಯ ಮುಂದೆ ವಕೀಲಿ ಮಾಡಬೇಡ ಎಂದು ನಮ್ಮವರು ಒಂದೇ ಮಾತಿನಲ್ಲಿ ಅರ್ಜಿ ವಜಾ ಮಾಡಿದರು. ಮೇಲಾಗಿ ಬರಿಗಾಲಿನ ಲಾಭಗಳನ್ನು ಎಣಿಸತೊಡಗಿದರು. ಮಣ್ಣಿನ ಸ್ಪರ್ಶ ಮೈಗೆ ಒಳ್ಳೆಯದಂತೆ, ಗುಡಿಯ ಹೊರಗೆ ಚಪ್ಪಲಿ ಕಳುವಾಗುವ ಚಿಂತೆ ಇಲ್ಲವಂತೆ. ಓಣಿಯ ಜನವೂ ಅವರನ್ನು ಕಂಡರೆ ಕೈಮುಗಿಯತೊಡಗಿದ್ದರು. ಮೊದಲು ನಮಸ್ಕಾರ ಎಂದಷ್ಟೇ ಅನ್ನುತ್ತಿದ್ದವರು ಈಗ ಶರಣ್ರಿ ಎನ್ನುತ್ತಿದ್ದರು. ಜನ ಮರುಳೋ ಜಾತ್ರೆ ಮರುಳೋ ಎಂದಂತೆ.

ಕೊನೆಗೆ ದೇವಿಯನ್ನೇ ಕೇಳೋಣ ಎಂದು ಹಟ ಹಿಡಿದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು. ಹಳಿಯಾಳದ ಆಚೆ ನಮ್ಮವರ ಮೂಲ ಹಳ್ಳಿಯಲ್ಲಿ ದ್ಯಾಮವ್ವನ ಗುಡಿಯಿದೆ. ಅಲ್ಲಿ ಹೂ ಕೇಳುವ ಪದ್ಧತಿ. ಪೂಜಾರಿ ದೇವಿಯ ಎರಡೂ ಭುಜದ ಮೇಲೆ ನೀರು ಹಚ್ಚಿ ಹೂ ಅಂಟಿಸುತ್ತಾನೆ. ಕೇಳುವವರು ತಮ್ಮ ಪ್ರಶ್ನೆಯನ್ನು ಮನಸ್ಸಿನಲ್ಲೇ ಕೇಳಿಕೊಳ್ಳಬೇಕು, ಬಾಯಿ ಬಿಡಬಾರದು. ಬಲಗಡೆಯ ಹೂ ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಹೊಲ ಹಿಡಿಯುವುದು, ಹೆಣ್ಣು ಕೊಡುವುದು, ಬಾವಿ ತೋಡುವುದು, ಎಲ್ಲ ಆ ಊರಲ್ಲಿ ಹೀಗೆಯೇ ನಿರ್ಣಯವಾಗುತ್ತವೆ. ದೇವಿಗೆ ಬಿಡುವಿಲ್ಲ.

ಒಂದು ಮಂಗಳವಾರ ಇಬ್ಬರೂ ಹೋದೆವು. ನನ್ನ ಚೀಲದಲ್ಲಿ ಕಾಯಿ, ಕರ್ಪೂರ, ಅದರ ಕೆಳಗೆ ಕಾಗದದಲ್ಲಿ ಸುತ್ತಿದ ಅವರ ಚಪ್ಪಲಿ. ಪೂಜಾರಿ ಮೊದಲು ಫ್ಯಾನು ಆರಿಸಿದ. ಫ್ಯಾನಿನ ಗಾಳಿಗೆ ಬಿದ್ದ ಹೂ ಲೆಕ್ಕಕ್ಕಿಲ್ಲ, ಇಲ್ಲೂ ಒಂದು ನೀತಿಸಂಹಿತೆ ಇದೆ. ಹೂ ಏರಿಸಿ, ಬೇಡಿಕೊಳ್ಳಿ ಎಂದ. ಕಣ್ಣು ಮುಚ್ಚಿದೆ. ತಾಯಿ, ಇವರು ಚಪ್ಪಲಿ ಮೆಟ್ಟಿಕೊಳ್ಳಬಹುದು ಎಂದಿದ್ದರೆ ಬಲಕ್ಕೆ ಕೊಡು ಎಂದು ಕೇಳಿದೆ. ಎಷ್ಟು ಹೊತ್ತಾದರೂ ಹೂ ಅಲುಗಲಿಲ್ಲ. ಕಣ್ಣು ಅರೆ ತೆರೆದು ಹೂವನ್ನೇ ನೋಡಿದೆ. ಹೀಗೆಲ್ಲ ನಂಬುವುದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಭಾಷಣ ಮಾಡುತ್ತಿದ್ದ ಹೆಂಗಸು ನಾನೇ ಏನು ಎಂದು ನಗುವೂ ಬಂತು. ಅಷ್ಟರಲ್ಲಿ ಬಲಗಡೆಯ ಸೇವಂತಿಗೆ ಮೆಲ್ಲಗೆ ಜಾರಿ ಬಿತ್ತು. ಪೂಜಾರಿ ಘಂಟೆ ಬಾರಿಸಿದ. ನನ್ನ ಕಣ್ಣಲ್ಲಿ ನೀರು. ತಿರುಗಿ ನೋಡುತ್ತೇನೆ, ನಮ್ಮವರ ಕಣ್ಣಲ್ಲೂ ನೀರು.

ಗುಡಿಯ ಬಾಗಿಲು ದಾಟಿದ ಕೂಡಲೇ ಚಪ್ಪಲಿ ತೆಗೆದು ಅವರ ಮುಂದೆ ಇಟ್ಟೆ. ಇದ್ಯಾಕೆ ಎಂದರು. ದೇವಿ ಬಲಕ್ಕೆ ಕೊಟ್ಟಳಲ್ಲ ಎಂದೆ. ಹೌದು ಕೊಟ್ಟಳು, ಹಿಡಿದ ಹರಕೆ ಬಿಡಬಾರದು ಎಂದಿದ್ದರೆ ಬಲಕ್ಕೆ ಕೊಡು ಎಂದು ಕೇಳಿದ್ದೆ, ಕೊನೆಗೂ ಕೊಟ್ಟಳು ಎಂದರು!

ಅಂದರೆ ಒಂದೇ ಹೂವಿಗೆ ಎರಡು ಪ್ರಶ್ನೆ. ಮನಸ್ಸಿನಲ್ಲಿ ಕೇಳುವ ಪದ್ಧತಿಯಾದ್ದರಿಂದ ಒಬ್ಬರದು ಒಬ್ಬರಿಗೆ ಗೊತ್ತಿಲ್ಲ. ಓಡಿ ಒಳಗೆ ಹೋಗಿ ಪೂಜಾರಿಗೆ ಇನ್ನೊಮ್ಮೆ ಹೂ ಏರಿಸು ಎಂದೆ. ಆತ ಸಾವಕಾಶ ಹೇಳಿದ, ಕೊಟ್ಟ ಹೂವನ್ನು ಅಮಾವಾಸ್ಯೆಯ ತನಕ ಮತ್ತೆ ಕೇಳುವಂತಿಲ್ಲ, ಗಂಡ ಹೆಂಡತಿ ಮನೆಯಲ್ಲೇ ಒಂದು ಮಾತು ಮಾಡಿಕೊಂಡು ಬರಬೇಕಿತ್ತು. ಬಸ್ಸಿನಲ್ಲಿ ಹಳಿಯಾಳದಿಂದ ದಾಂಡೇಲಿಯ ತನಕ ಜಗಳವಾಡಿದೆವು. ಜನ ಇದ್ದದ್ದರಿಂದ ಪಿಸುಮಾತಿನಲ್ಲಿ, ಮುಖದ ಮೇಲೆ ನಗು ಇಟ್ಟುಕೊಂಡು. ಮುಂದಿನ ಸೀಟಿನ ಹೆಂಗಸು ಈ ವಯಸ್ಸಿನಲ್ಲಿ ಎಷ್ಟು ಪ್ರೀತಿ ಎಂದುಕೊಂಡಿರಬೇಕು. ಮನೆಗೆ ಬಂದು ಯೋಚಿಸಿದರೆ ದಿಲ್ಲಿಯಲ್ಲಿ ಆದದ್ದೂ ಇದೇ ಅಲ್ಲವೇ ಅನ್ನಿಸಿತು. ಜನ ಒಂದು ಹೂ ಬೀಳಿಸಿದರು. ಅವರವರು ಕೇಳಿಕೊಂಡಿದ್ದಕ್ಕೆ ಅದೇ ಉತ್ತರ ಎಂದು ಎಲ್ಲರೂ ಓದಿಕೊಂಡರು. ಜನರನ್ನು ಮತ್ತೆ ಕೇಳುವಂತಿಲ್ಲ, ಅಮಾವಾಸ್ಯೆ ಬಹಳ ದೂರ ಇದೆ.

ಆಮೇಲೆ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆ ಗೊತ್ತಲ್ಲ, ನೆಲದ ಮೇಲೆ ಏನು ಬಿದ್ದಿದೆ ಎಂದು ಕಾಣುವುದಿಲ್ಲ. ಒಂದು ಮಧ್ಯಾಹ್ನ ಒರೆಸಿದ ನೆಲದ ಮೇಲೆ ಬಾಗಿಲಿನಿಂದ ಅಡುಗೆಮನೆಯ ತನಕ ಕೆಂಪು ಹೆಜ್ಜೆ. ಕುಂಕುಮ ಚೆಲ್ಲಿತೇನೋ ಎಂದು ಬಗ್ಗಿ ಮುಟ್ಟಿದೆ. ರಕ್ತ. ನಮ್ಮವರು ಒಲೆಯ ಮುಂದೆ ನಿಂತು ಆರಾಮಾಗಿ ಚಹಾ ಸೋಸುತ್ತಿದ್ದರು. ಕಾಲು ಎತ್ತಿ ನೋಡಿದರೆ ಹೆಬ್ಬೆರಳಿನ ಬುಡದಲ್ಲಿ ಬಿದಿರಿನ ಸಿಬಿರು, ಕಿರುಬೆರಳಿನಷ್ಟು ಉದ್ದದ್ದು, ಒಳಗೆ ಹೋಗಿ ಕೂತಿದೆ. ಎಲ್ಲಿ ಚುಚ್ಚಿತು, ಯಾವಾಗ ಚುಚ್ಚಿತು ಎಂದರೆ ಅವರಿಗೇ ಗೊತ್ತಿಲ್ಲ. ನೋವಾಗಲಿಲ್ಲವೇ ಎಂದು ಕೂಗಿದೆ. ಇಲ್ಲ ಎಂದು ಅವರು ನನ್ನ ಮುಖ ನೋಡಿದಾಗ ನನಗೆ ಅಪ್ಪನ ಮುಖ ಕಂಡಿತು. ಸಿಟ್ಟು, ಹೆದರಿಕೆ ಎಲ್ಲ ಒಟ್ಟಿಗೇ ಬಂದು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಡಾಕ್ಟರು ಸಿಬಿರು ತೆಗೆದು, ಕೀವು ತೆಗೆದು, ಪಟ್ಟಿ ಕಟ್ಟಿದರು. ಬೆರಳು ಸದ್ಯ ಉಳಿಯಿತು ಎಂದರು. ‘ಸದ್ಯ’ ಎಂಬುದನ್ನು ಒತ್ತಿ ಹೇಳಿದರು. ಇನ್ನೊಂದು ಸಲ ಬರಿಗಾಲಲ್ಲಿ ನಡೆದು ಗಾಯ ಮಾಡಿಕೊಂಡರೆ ಬೆರಳಿನ ಮಾತಲ್ಲ, ಮೊಣಕಾಲಿನ ಮಾತು ಎಂದರು. ಮೆತ್ತನೆಯ ಬೇರೆ ಚಪ್ಪಲಿ ಬರೆದುಕೊಟ್ಟರು, ಪಟ್ಟಿಯ ಮೇಲೆ ಹಿಗ್ಗಿಸಿ ಬಿಗಿಯುವಂಥದ್ದು. ಅದನ್ನು ಕೊಂಡು ತಂದೆ. ನಮ್ಮವರು ಅದನ್ನು ನೋಡಿ, ಬಹಳ ಚಲೋ ಐತಿ ಎಂದು ಗೋಡೆಗೆ ಒರಗಿಸಿಟ್ಟರು. ಮೆಟ್ಟಲಿಲ್ಲ. ಕುರ್ಚಿಯಲ್ಲಿ ಕಾಲು ಚಾಚಿಕೊಂಡು, ಮಾತು ಕೊಟ್ಟಾಗಿದೆ ಎಂದು ಅದೇ ರಾಗ. ಬಚ್ಚಲಿಗೆ ಹೋಗುವಾಗ ಪಟ್ಟಿ ಕಟ್ಟಿದ ಕಾಲನ್ನು ಒದ್ದೆ ನೆಲದ ಮೇಲೆ ಊರುತ್ತ ಹೋಗುತ್ತಿದ್ದರು. ನನ್ನ ತಾಳ್ಮೆ ಮುಗಿಯಿತು. ನೆಟ್ಟಗೆ ಸುಮನ್ ವೈನಿಯ ಮನೆಗೆ ಹೋಗಿ ಎಲ್ಲ ಹೇಳಿದೆ. ತುಕಾರಾಮಣ್ಣ ಒಳಗಿನ ಕೋಣೆಯಲ್ಲಿ ಪೇಪರು ಓದುತ್ತಿದ್ದರು, ಅವರಿಗೂ ಕೇಳಲಿ ಎಂದೇ ದೊಡ್ಡ ದನಿಯಲ್ಲಿ ಹೇಳಿದೆ.

ಅಂದು ಸಂಜೆ ತುಕಾರಾಮಣ್ಣ ಬಂದರು, ಹಿಂದೆ ಸುಮನ್ ವೈನಿ. ಫಲಿತಾಂಶದ ನಂತರ ಮೊದಲ ಸಲ ನಮ್ಮ ಹೊಸಿಲು ದಾಟಿದ್ದು. ಸ್ಟೂಲು ಎಳೆದುಕೊಂಡು ನಮ್ಮವರ ಕಾಲಿನ ಹತ್ತಿರ ಕೂತು, ಪಟ್ಟಿಯನ್ನೇ ನೋಡಿದರು.

"ಬಸ್ಯಾ, ನಿಮ್ಮ ಪಾರ್ಟಿ ಬೀಳ್ಲಿ ಅಂತ ನಾ ವಿಠೋಬಾಗ ಬೇಡ್ಕೊಂಡಿದ್ದೆ, ಸುಳ್ಳ್ಯಾಕ ಹೇಳ್ಲಿ. ನಿನ್ನ ಕಾಲು ಹೋಗ್ಲಿ ಅಂತ ಯಾವತ್ತೂ ಬೇಡ್ಕೊಂಡಿಲ್ಲೋ."

ನಮ್ಮವರು ಗೋಡೆಯ ಕಡೆ ತಿರುಗಿದರು. ತುಕಾರಾಮಣ್ಣ ಗೋಡೆಗೆ ಒರಗಿದ್ದ ಹೊಸ ಚಪ್ಪಲಿ ತಂದು ಅವರ ಮುಂದಿಟ್ಟರು. ನಮ್ಮವರು ಗೋಡೆಗೇ ಹೇಳಿದರು:

"ನಾ ಇದನ್ನ ಮೆಟ್ಕೊಂಡು ಕಟ್ಟಿಗೆ ಬಂದ್ರ ಮೊದ್ಲ ನಗಾಂವ ನೀನ."

ಕೇಳಿದಿರಾ! ದೇವಿಯ ಆಣೆ, ಹಿರಿಯರ ಮರ್ಯಾದೆ, ಸೇವಂತಿಗೆಯ ಅಪ್ಪಣೆ ಎಲ್ಲ ಸರಿಸಿ ನೋಡಿದರೆ ಕೆಳಗೆ ಇದ್ದದ್ದು ಇಷ್ಟು. ದ್ಯಾಮವ್ವ ಕ್ಷಮಿಸಿಯಾಳು, ಅರಳಿಕಟ್ಟೆ ಕ್ಷಮಿಸುವುದಿಲ್ಲ. ಇಷ್ಟಕ್ಕಾಗಿ ನಾನು ಕಾಯಿ ಒಡೆಸಿ, ಬಸ್ಸಿನಲ್ಲಿ ಜಗಳವಾಡಿ, ನೆಲದ ಮೇಲಿನ ರಕ್ತ ಒರೆಸಿದೆನೇ ಎಂದು ಮೈಯೆಲ್ಲ ಉರಿಯಿತು. ಏನೋ ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ತುಕಾರಾಮಣ್ಣ ಕಿಸೆಗೆ ಕೈ ಹಾಕಿ ತಂಬಾಕಿನ ಚಂಚಿ ಹೊರತೆಗೆದರು. ಬಿಟ್ಟರೂ ಅದನ್ನು ಜೊತೆಗಿಟ್ಟುಕೊಂಡೇ ತಿರುಗುತ್ತಿದ್ದರು ಎಂದು ತೋರುತ್ತದೆ.

"ಹಂಗಾರ ಇಬ್ರೂ ಕೂಡೇ ಮುರಿಯೂಣು. ನಾ ಇದನ್ನ ಹಾಕ್ಕೋತೇನಿ, ನೀ ಅದನ್ನ ಮೆಟ್ಟು. ಯಾರೂ ಯಾರಿಗೂ ನಗೂಹಂಗಿಲ್ಲ."

ಹೇಳುತ್ತಲೇ ಚಂಚಿಯ ದಾರ ಬಿಚ್ಚತೊಡಗಿದರು. ನಾನು ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ನನ್ನ ಕಣ್ಣಿಗೆ ಆಗ ಕಾಣುತ್ತಿದ್ದದ್ದು ಒಂದು ಕಾಲು ಮಾತ್ರ. ಬಾಗಿಲಲ್ಲಿ ನಿಂತಿದ್ದ ಸುಮನ್ ವೈನಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಳು. ನಮ್ಮವರು ಅವಳನ್ನು ನೋಡಿದರು. ಗೆಳೆಯನ ಕೈಯ ಚಂಚಿಯನ್ನು ನೋಡಿದರು. ಆಮೇಲೆ ಕೈ ಚಾಚಿ ಆ ಚಂಚಿಯನ್ನು ಅವರ ಬೊಗಸೆಯಲ್ಲೇ ಮುಚ್ಚಿದರು.

"ಇದನ್ನ ಬಿಚ್ಚಬ್ಯಾಡ ತುಕ್ಯಾ. ನಿನ್ನ ಹರಕಿ ನಡೀಲಿ. ನಾ ಸೋತೆ."

ಫಲಿತಾಂಶ ಬಂದಂದಿನಿಂದ ಆ ಮಾತನ್ನು ನಾನು ಯಾರ ಬಾಯಲ್ಲೂ ಕೇಳಿರಲಿಲ್ಲ. ಗೆದ್ದವರು ನಾವು ಕಡಿಮೆ ಬಿದ್ದೆವು ಎನ್ನಲಿಲ್ಲ, ಸೋತವರು ನಾವು ಸೋತೆವು ಎನ್ನಲಿಲ್ಲ. ರಾಹು ಎಂದರು, ಮೇಲಿನವನು ಎಂದರು, ಟಿವಿ ಎಂದರು. ಇಡೀ ದೇಶದಲ್ಲಿ ಸೋತೆ ಎಂದು ಒಪ್ಪಿಕೊಂಡ ಮೊದಲ ಮನುಷ್ಯ, ಯಾವ ಚುನಾವಣೆಗೂ ನಿಂತವರಲ್ಲ, ನಮ್ಮ ಮನೆಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಅದನ್ನು ಹೇಳಿದ ಮೇಲೆ ಅವರ ಮುಖ ಎಷ್ಟು ಹಗುರಾಯಿತು ಎಂದರೆ, ಇದನ್ನು ಮೊದಲೇ ಹೇಳಿದ್ದರೆ ಏನಾಗುತ್ತಿತ್ತು ಮಹಾರಾಯಾ ಎಂದು ನನಗೆ ಮತ್ತೆ ಸಿಟ್ಟು ಬಂತು. ತುಕಾರಾಮಣ್ಣ ನಗಲಿಲ್ಲ. ನೆಲದ ಮೇಲೆ ಇಳಿದು ಕೂತು, ಪಟ್ಟಿ ಕಟ್ಟಿದ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಚಪ್ಪಲಿ ತೊಡಿಸಿ ಅದರ ಪಟ್ಟಿ ಬಿಗಿದರು. ಬಿಗಿ ಹೆಚ್ಚಾಯಿತೇ ಎಂದು ಕೇಳಿದರು. ಗೊತ್ತಾಗುವುದಿಲ್ಲ, ನೀನೇ ನೋಡು ಎಂದರು ನಮ್ಮವರು.

ಚಹಾ ಕುಡಿದು ಇಬ್ಬರೂ ಜಗಲಿಗೆ ಹೋಗಿ ಕೂತರು. ಸ್ವಲ್ಪ ಹೊತ್ತಿಗೇ ದನಿ ಏರಿತು. ಮುಂದಿನ ಪಂಚಾಯಿತಿ ಚುನಾವಣೆಯಲ್ಲಿ ಯಾರು ಬರುತ್ತಾರೆ ಎಂಬ ಮಾತು, ಎಣ್ಣೆ ಸೀಗೆಕಾಯಿ, ಮೊದಲಿನ ಹಾಗೆಯೇ. ಸುಮನ್ ವೈನಿ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು ಒತ್ತಿ, ಕಪ್ಪು ತೊಳೆಯತೊಡಗಿದಳು. ನಾನು ದೇವರ ಕೋಣೆಗೆ ಹೋಗಿ ದ್ಯಾಮವ್ವನ ಮುಂದೆ ದೀಪ ಹಚ್ಚಿದೆ. ಕೈಮುಗಿದೆ. ಏನೂ ಬೇಡಲಿಲ್ಲ. ಪಾಪ, ಆಕೆಗೂ ಸಾಕಾಗಿರಬೇಕು.